ಕಣ್ಣಿಗೆ ಕಾಣಲಿ, ಕಿವಿಗೆ ಕೇಳದಿರಲಿ

ಡಾಕ್ಟರ ಹತ್ತಿರ, ಲಾಯರ ಹತ್ತಿರ ಸುಳ್ಳು ಹೇಳಬಾರದು ಅಂತ ನಮ್ಮ ಊರುಗಳಲ್ಲಿ ದೊಡ್ಡವರು ಹೇಳುತ್ತಲೇ ಇರುತ್ತಾರೆ. ಸರಿಯಾದ ಮಾತು. ಆದರೆ ಲಾಯರ ಹತ್ತಿರ ನಿಜ ಹೇಳಬೇಕಾದರೆ ಆ ನಿಜ ಬೇರೆಯವರ ಕಿವಿಗೆ ಬೀಳಬಾರದು. ಪೊಲೀಸರು ಕರೆದುಕೊಂಡು ಹೋದ ಮನುಷ್ಯನಿಗೆ ಅಂಥ ಜಾಗ ಎಲ್ಲಿದೆ? ಈ ಸಲ ಇದೊಂದೇ ಪ್ರಶ್ನೆ ಇಟ್ಟುಕೊಂಡು ಬರೆಯುತ್ತಿದ್ದೇವೆ.

ಸುದ್ದಿಗಾಗಿ ನಾವು ಠಾಣೆ, ಕೋರ್ಟು ಸುತ್ತುವವರು. ತಾಲೂಕಿನ ಠಾಣೆ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಬಾಗಿಲಲ್ಲಿ ಸೆಂಟ್ರಿ, ಒಳಗೆ ರೈಟರ್ ಮೇಜು, ವೈರ್‌ಲೆಸ್ ಸದ್ದು, ಪಕ್ಕದಲ್ಲಿ ಸಾಹೇಬರ ಕೋಣೆ, ಮೂಲೆಯಲ್ಲಿ ಲಾಕಪ್. ವಕೀಲರು ಬಂದರೆ ಲಾಕಪ್ಪಿನ ಸರಳಿಗೆ ಒರಗಿ ನಿಂತು ಮಾತಾಡಬೇಕು. ಇಲ್ಲದಿದ್ದರೆ ಆರೋಪಿಯನ್ನು ರೈಟರ್ ಮೇಜಿನ ಹತ್ತಿರಕ್ಕೆ ಕರೆಸುತ್ತಾರೆ. "ಏನ್ ಕೇಳ್ಬೇಕೋ ಇಲ್ಲೇ ಕೇಳಿ ಸಾರ್, ನಮ್ಮದೇನಿದೆ" ಅನ್ನುತ್ತಾರೆ. ಮರ್ಯಾದೆಯಿಂದಲೇ ಅನ್ನುತ್ತಾರೆ. ಕುರ್ಚಿ ಹಾಕಿಸುತ್ತಾರೆ, ಟೀ ತರಿಸುತ್ತಾರೆ. ಆದರೆ ಅಲ್ಲೇ ನಿಂತಿರುತ್ತಾರೆ.

ಆಗ ಏನಾಗುತ್ತದೆ? ವಕೀಲರು "ಊಟ ಆಯ್ತೇನಪ್ಪಾ" ಅಂತ ಕೇಳುತ್ತಾರೆ. ಅವನು "ಆಯ್ತು ಸಾರ್" ಅನ್ನುತ್ತಾನೆ. ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. "ಧೈರ್ಯವಾಗಿರು, ನಾಳೆ ಕೋರ್ಟಲ್ಲಿ ನೋಡೋಣ" ಅಂತ ಹೇಳಿ ಹೊರಡುತ್ತಾರೆ. ಭೇಟಿ ಆಯಿತು ಅಂತ ಕಾಗದದಲ್ಲಿ ದಾಖಲಾಗುತ್ತದೆ. ಮಾತಾಡಬೇಕಾದ ಮಾತು ಮಾತ್ರ ಒಳಗೇ ಉಳಿಯುತ್ತದೆ.

ಆ ಮಾತಿನಲ್ಲಿ ಏನಿರುತ್ತದೆ

ಒಂದು ಬದುವಿನ ಜಗಳ ಅಂದುಕೊಳ್ಳಿ. ಅಣ್ಣನಿಗೆ ತಲೆಗೆ ಏಟು ಬಿದ್ದು ಆಸ್ಪತ್ರೆ ಸೇರಿದ್ದಾನೆ. ತಮ್ಮನನ್ನು ಹಿಡಿದಿದ್ದಾರೆ. ಈ ತಮ್ಮ ವಕೀಲರಿಗೆ ಹೇಳಬೇಕಾದ್ದು ಮೂರು ವಿಷಯ ಇರುತ್ತದೆ.

ಮೊದಲನೆಯದು, ನಡೆದದ್ದು ಏನು. ಮೊದಲು ದೊಣ್ಣೆ ಎತ್ತಿದವರು ಯಾರು, ಯಾಕೆ, ತಾನು ಹೊಡೆದೆನೋ ಇಲ್ಲವೋ. ಅರ್ಧ ಗೊತ್ತಿರುವ ವಕೀಲರು ಜಾಮೀನು ಅರ್ಜಿಯನ್ನೂ ಅರ್ಧ ಮನಸ್ಸಿನಿಂದಲೇ ಬರೆಯಬೇಕಾಗುತ್ತದೆ. ಮುಂದೆ ಸಾಕ್ಷಿ ವಿಚಾರಣೆಯಲ್ಲಿ ಎದುರು ಪಕ್ಷದವರು ಹೊಸ ವಿಷಯ ತೆಗೆದಾಗ ಬೆಪ್ಪಾಗಿ ನಿಲ್ಲಬೇಕಾಗುತ್ತದೆ.

ಎರಡನೆಯದು, ನೋಡಿದವರು ಯಾರು. "ಆ ಹೊತ್ತಿಗೆ ಮೇಲಿನ ಹೊಲದಲ್ಲಿ ಇಂಥವರು ನೀರು ಕಟ್ಟುತ್ತಿದ್ದರು, ಅವರು ಎಲ್ಲಾ ನೋಡಿದ್ದಾರೆ" ಅಂತ ಅವನು ಹೇಳಬೇಕು. ಈ ಹೆಸರು ಪಕ್ಕದಲ್ಲಿ ನಿಂತವರಿಗೆ ಕೇಳಿಸಿತು ಅನ್ನಿ. ಸಂಜೆಯೊಳಗೆ ಆ ಹೊಲದವರಿಗೆ ಠಾಣೆಯಿಂದ ಫೋನು ಹೋಗಬಹುದು. ಎದುರು ಪಾರ್ಟಿಗೆ ಸುದ್ದಿ ಮುಟ್ಟಬಹುದು. ಹಳ್ಳಿಯಲ್ಲಿ ಒಬ್ಬ ಸಾಕ್ಷಿ ಹಿಂದೆ ಸರಿಯಲು ಅಷ್ಟು ಸಾಕು.

ಮೂರನೆಯದು, ಠಾಣೆಯೊಳಗೆ ತನಗೆ ಏನಾಯಿತು. ಹೊಡೆದರೋ, ನಿದ್ದೆ ಕೊಡಲಿಲ್ಲವೋ, ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೋ. ಹೊಡೆದವರು ಎರಡು ಮಾರು ದೂರದಲ್ಲಿ ನಿಂತಿರುವಾಗ ಇದನ್ನು ಯಾರು ಹೇಳುತ್ತಾರೆ? ಮಾರನೆಯ ದಿನ ಕೋರ್ಟಿನಲ್ಲಿ ನ್ಯಾಯಾಧೀಶರು "ಪೊಲೀಸರಿಂದ ಏನಾದರೂ ತೊಂದರೆ ಆಯಿತೇ" ಅಂತ ಕೇಳುತ್ತಾರೆ. ಕರೆತಂದ ಪೇದೆ ಪಕ್ಕದಲ್ಲೇ ಇರುತ್ತಾನೆ. "ಇಲ್ಲ ಸ್ವಾಮಿ" ಅಂತ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಹಿಂದಿನ ದಿನವೇ ವಕೀಲರಿಗೆ ಒಂದು ಹತ್ತು ನಿಮಿಷ ಬೇರೆಯಾಗಿ ಸಿಕ್ಕಿದ್ದರೆ, ಅವನ ಬಾಯಲ್ಲಿ ಬಾರದ ಮಾತನ್ನು ವಕೀಲರು ಹೇಳುತ್ತಿದ್ದರು, ವೈದ್ಯಕೀಯ ಪರೀಕ್ಷೆ ಕೇಳುತ್ತಿದ್ದರು.

ಹೆಣ್ಣುಮಗಳಾದರೆ ಇನ್ನೂ ಕಷ್ಟ. ಮೈಯ ವಿಷಯ, ಮನೆಯ ವಿಷಯ ಹೇಳಿಕೊಳ್ಳಬೇಕಾಗುತ್ತದೆ. ತುಂಬಿದ ಠಾಣೆಯಲ್ಲಿ, ಗಂಡಸರ ನಡುವೆ, ಯಾವ ಹೆಂಗಸು ಬಾಯಿ ಬಿಟ್ಟಾಳು?

ಕಾನೂನು ಹೇಳುವುದೇನು

ವಕೀಲರನ್ನು ಕಾಣುವುದು ಪೊಲೀಸರು ದಯೆಯಿಂದ ಕೊಡುವುದಲ್ಲ. ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರ ಜೊತೆ ಸಮಾಲೋಚನೆ ಮಾಡುವ ಹಕ್ಕನ್ನು ತಡೆಯಬಾರದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 20ನೇ ವಿಧಿಯ ಪ್ರಕಾರ ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳು ಅಂತ ಬಲವಂತ ಮಾಡುವಂತಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಸೆಕ್ಷನ್ನಿನಲ್ಲಿ, ವಿಚಾರಣೆ ನಡೆಯುವಾಗಲೂ ಬಂಧಿತ ತನ್ನ ವಕೀಲರನ್ನು ಭೇಟಿಯಾಗಬಹುದು ಅಂತ ಇದೆ. ವಿಚಾರಣೆಯ ಉದ್ದಕ್ಕೂ ವಕೀಲರು ಕೂತಿರುವಂತಿಲ್ಲ, ಆದರೆ ಭೇಟಿ ಮಾಡಬಹುದು. ಹಳೆಯ ಕಾನೂನಿನ 41ಡಿ ಸೆಕ್ಷನ್ನಿನಲ್ಲೂ ಇದೇ ಇತ್ತು. ಅದಕ್ಕೂ ಮೊದಲು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಮಾತು ಹೇಳಿತ್ತು.

ಕೊರತೆ ಇರುವುದು ಎಲ್ಲಿ ಅಂದರೆ, ಈ 38ನೇ ಸೆಕ್ಷನ್ ಭೇಟಿ ಮಾಡಬಹುದು ಅಂತ ಹೇಳುತ್ತದೆ ಅಷ್ಟೆ. ಎಲ್ಲಿ ಕೂತು, ಎಷ್ಟು ಹೊತ್ತು, ಪಕ್ಕದಲ್ಲಿ ಯಾರು ಇರಬಾರದು ಅನ್ನುವುದನ್ನು ಹೇಳುವುದಿಲ್ಲ. ಹಾಗಾಗಿ ರೈಟರ್ ಮೇಜಿನ ಪಕ್ಕ ಎರಡು ನಿಮಿಷ ನಿಂತು ಮಾತಾಡಿದರೂ ಭೇಟಿ ಆದಂತೆಯೇ ಲೆಕ್ಕ.

ಜೈಲಿನ ವಿಷಯದಲ್ಲಿ ಕಾನೂನು ಇದಕ್ಕಿಂತ ಸ್ಪಷ್ಟ. ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಯ 40ನೇ ಸೆಕ್ಷನ್ನಿನಲ್ಲೇ, ನ್ಯಾಯದ ಹಿತಕ್ಕೆ ಅಡ್ಡಿಯಾಗದಷ್ಟು ಮಟ್ಟಿಗೆ, ವಿಚಾರಣಾಧೀನ ಕೈದಿ ಬೇರೆ ಯಾರೂ ಹಾಜರಿಲ್ಲದೆ ತನ್ನ ವಕೀಲರನ್ನು ಕಾಣಬಹುದು ಅಂತ ಇತ್ತು. ನಮ್ಮನ್ನು ಆಳಲು ಬಂದವರೇ ಇಷ್ಟನ್ನು ಒಪ್ಪಿಕೊಂಡಿದ್ದರು.

1981ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಅನ್ನುವ ಬ್ರಿಟಿಷ್ ಮಹಿಳೆಯನ್ನು ಕಳ್ಳಸಾಗಣೆ ತಡೆ ಕಾಯ್ದೆಯಡಿ ದಿಲ್ಲಿಯ ತಿಹಾರ್ ಜೈಲಿನಲ್ಲಿ ಇಟ್ಟಿದ್ದರು. ಆಕೆ ವಕೀಲರನ್ನು ಕಾಣಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಮೊದಲೇ ಅನುಮತಿ ಬೇಕಿತ್ತು, ಕಸ್ಟಮ್ಸ್ ಅಥವಾ ಅಂಥದೇ ಇಲಾಖೆಯ ಅಧಿಕಾರಿ ಎದುರಿಗೆ ಇರಬೇಕಿತ್ತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ಆ ಷರತ್ತನ್ನು ತಳ್ಳಿಹಾಕಿತು. ಬೇಕಿದ್ದರೆ ಅಧಿಕಾರಿ ಭೇಟಿಯನ್ನು ನೋಡುತ್ತಿರಬಹುದು, ಆದರೆ ಅವರಿಬ್ಬರ ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಇರಬಾರದು ಅಂತ ಕೋರ್ಟು ಹೇಳಿತು.

ಪೊಲೀಸರಿಗೆ ಕಾಣಬೇಕು, ಕೇಳಬಾರದು. ಇಷ್ಟೇ ವಿಷಯ. ಕೈದಿ ಓಡಿಹೋಗದಂತೆ, ವಕೀಲರಿಂದ ಕೈದಿಗೆ ಏನೂ ದಾಟದಂತೆ ನೋಡಿಕೊಳ್ಳಲು ಕಣ್ಣು ಸಾಕು. ಕಿವಿ ಬೇಕಾಗಿಲ್ಲ.

ಇದು ಜೈಲಿನ ತೀರ್ಪು, ಠಾಣೆಗೆ ಯಾಕೆ ಅಂತ ಕೇಳಬಹುದು. ನಮ್ಮ ಪ್ರಕಾರ ಠಾಣೆಗೇ ಇದು ಹೆಚ್ಚು ಬೇಕು. ಜೈಲಿನ ಸಿಬ್ಬಂದಿಗೆ ಕೇಸು ಗೆಲ್ಲುವುದರಲ್ಲಿ, ಸೋಲುವುದರಲ್ಲಿ ಏನೂ ಇಲ್ಲ. ಠಾಣೆಯಲ್ಲಿ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು ಅದೇ ಕೇಸಿನ ತನಿಖೆ ಮಾಡುವವರು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಅಂತ ನಮ್ಮ ಸಾಕ್ಷ್ಯ ಕಾನೂನೇ ಹೇಳುತ್ತದೆ. ಲಾಕಪ್ಪಿನ ಗೋಡೆಯೊಳಗೆ ಮನುಷ್ಯ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ಹೆದರಿ ಮಾತಾಡುತ್ತಾನೆ ಅಂತ ಕಾನೂನಿಗೂ ಗೊತ್ತು. ಗೊತ್ತಿದ್ದ ಮೇಲೆ ವಕೀಲರ ಜೊತೆಗಿನ ಮಾತನ್ನು ಅದೇ ಪೊಲೀಸರ ಕಿವಿಗೆ ಬೀಳಿಸುವುದು ಯಾವ ನ್ಯಾಯ?

ವಕೀಲರ ಬಾಯಿಗೆ ಬೀಗ, ಪಕ್ಕದವರ ಕಿವಿಗೆ?

2025ರಲ್ಲಿ ಒಂದು ದೊಡ್ಡ ಸುದ್ದಿ ಓದಿರುತ್ತೀರಿ. ಕಕ್ಷಿದಾರರ ಪರ ನಿಂತ, ಅವರಿಗೆ ಕಾನೂನು ಸಲಹೆ ಕೊಟ್ಟ ವಕೀಲರಿಗೇ ತನಿಖಾ ಸಂಸ್ಥೆಗಳು ಸಮನ್ಸ್ ಕಳಿಸಿದ್ದವು. ದೇಶದ ವಕೀಲರೆಲ್ಲ ಎದ್ದು ನಿಂತರು. ಸುಪ್ರೀಂ ಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಕಕ್ಷಿದಾರರು ನಂಬಿ ಹೇಳಿದ್ದನ್ನು ತಿಳಿದುಕೊಳ್ಳಲು ವಕೀಲರಿಗೆ ಸಮನ್ಸ್ ಕೊಡುವಂತಿಲ್ಲ. ಕಾನೂನಿನಲ್ಲಿರುವ ವಿನಾಯಿತಿಗಳಡಿ ಕೊಡಲೇಬೇಕಾದರೆ ಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಮೇಲಧಿಕಾರಿ ಕಾರಣ ಬರೆದು ಒಪ್ಪಿಗೆ ಕೊಡಬೇಕು ಅಂತ ಹೇಳಿತು.

ಈ ತೀರ್ಪು ನಿಂತಿರುವುದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ನಿನ ಮೇಲೆ. ಕಕ್ಷಿದಾರ ಹೇಳಿದ್ದನ್ನು ಅವನ ಒಪ್ಪಿಗೆ ಇಲ್ಲದೆ ವಕೀಲರು ಬಯಲು ಮಾಡುವಂತಿಲ್ಲ. ವಕೀಲರ ಗುಮಾಸ್ತರಿಗೂ, ಭಾಷೆ ಬಾರದವರ ಮಾತನ್ನು ತಿಳಿಸಿಹೇಳುವ ದುಭಾಷಿಗೂ ಇದೇ ಕಟ್ಟು. ಕೇಸು ಮುಗಿದ ಮೇಲೂ ಈ ಕಟ್ಟು ಇರುತ್ತದೆ.

ತೀರ್ಪನ್ನು ನಾವು ಸ್ವಾಗತಿಸುತ್ತೇವೆ. ಆದರೆ ಈ ಸೆಕ್ಷನ್ ಬೀಗ ಹಾಕುವುದು ವಕೀಲರ ಕಡೆಯವರ ಬಾಯಿಗೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಪೇದೆಯ ವಿಷಯವನ್ನು ಅದು ಎತ್ತುವುದೇ ಇಲ್ಲ. ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಸಲಹೆ ಪಡೆಯುವ ದೊಡ್ಡ ಮನುಷ್ಯರ ಗುಟ್ಟಿಗೆ ಕಾವಲು ಸಿಕ್ಕಿತು. ಸರಳಿನ ಹಿಂದೆ ನಿಂತವನಿಗೆ ಗುಟ್ಟಾಗಿ ಮಾತಾಡುವ ಅವಕಾಶವೇ ಇಲ್ಲದಿದ್ದರೆ ಕಾವಲು ಕಾಯುವುದು ಯಾವುದಕ್ಕೆ?

ಕ್ಯಾಮೆರಾ ಮತ್ತು ಪರದೆ

ಈಗ ಎರಡು ಹೊಸ ತೊಡಕು ಸೇರಿಕೊಂಡಿವೆ.

ಒಂದು, ಸಿಸಿಟಿವಿ. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಚಿತ್ರದ ಜೊತೆ ಧ್ವನಿಯೂ ದಾಖಲಾಗಬೇಕು ಅಂತ ಆದೇಶಿಸಿತು. ಲಾಕಪ್, ಕಾರಿಡಾರ್, ಜಗಲಿ, ಅಧಿಕಾರಿಗಳ ಕೋಣೆ, ಎಲ್ಲ ಕಡೆ. ಒಳಗೆ ಹೊಡೆಯುವುದನ್ನು ತಡೆಯಲು ಬಂದ ಆದೇಶ ಅದು. ಒಳ್ಳೆಯದೇ. ಕ್ಯಾಮೆರಾ ಬೇಡ ಅಂತ ನಾವು ಹೇಳುವುದಿಲ್ಲ, ಇನ್ನೂ ಚೆನ್ನಾಗಿ ಕೆಲಸ ಮಾಡಲಿ. ಆದರೆ ಠಾಣೆಯ ಮೂಲೆಮೂಲೆಯಲ್ಲೂ ಧ್ವನಿ ದಾಖಲಾಗುತ್ತಿದ್ದರೆ ವಕೀಲರ ಜೊತೆ ಮಾತಾಡುವ ಜಾಗ ಯಾವುದು? ಒಂದು ಜಾಗದಲ್ಲಾದರೂ ಚಿತ್ರ ಮಾತ್ರ ದಾಖಲಾಗಲಿ, ಧ್ವನಿ ಬೇಡ ಅಂತ ಸರ್ಕಾರವೋ ಹೈಕೋರ್ಟೋ ಸ್ಪಷ್ಟವಾಗಿ ಹೇಳಬೇಕು. ಹೇಳುವ ತನಕ ಈ ಗೊಂದಲ ಹೀಗೇ ಇರುತ್ತದೆ.

ಎರಡು, ವಿಡಿಯೊ ಕಾನ್ಫರೆನ್ಸ್. ನ್ಯಾಯಾಂಗ ಬಂಧನ ಮುಂದುವರಿಸುವಾಗ ಕೈದಿಯನ್ನು ಕೋರ್ಟಿಗೆ ತರದೆ ಪರದೆಯ ಮೇಲೆ ತೋರಿಸಬಹುದು. ಬಸ್ಸು, ಬಂದೋಬಸ್ತು, ಖರ್ಚು ಎಲ್ಲಾ ಉಳಿಯುತ್ತದೆ, ನಿಜ. ಆದರೆ ಮೊದಲು ಕೋರ್ಟಿಗೆ ಬಂದಾಗ ಕಾರಿಡಾರಿನಲ್ಲಿ ಎರಡು ಮಾತಾದರೂ ಸಿಗುತ್ತಿತ್ತು. ಮನೆಯವರ ಮುಖ ಕಾಣುತ್ತಿತ್ತು. ಈಗ ಕೈದಿ ಜೈಲಿನ ಕೋಣೆಯಲ್ಲಿ ಸಿಬ್ಬಂದಿಯ ಪಕ್ಕ, ವಕೀಲರು ತುಂಬಿದ ಕೋರ್ಟ್ ಹಾಲಿನಲ್ಲಿ. ಇಬ್ಬರೂ ಮಾತಾಡಿಕೊಳ್ಳಬೇಕಾದರೆ ಹಾಲಿಗೆಲ್ಲ ಕೇಳುವಂತೆ ಮಾತಾಡಬೇಕು. ಯಾರೂ ಮಾತಾಡುವುದಿಲ್ಲ. ಮುಂದಿನ ತಾರೀಖು ಬೀಳುತ್ತದೆ.

ಇದು ನಾಲ್ಕು ಜನರ ಕಥೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಆ ಮೂವರಿಗೂ ಹೊರಗೆ ಬರುವ ದಾರಿ ವಕೀಲರ ಮೂಲಕವೇ.

"ತಪ್ಪು ಮಾಡದವನಿಗೆ ಗುಟ್ಟು ಯಾಕೆ?"

ಹೋಟೆಲಿನಲ್ಲಿ ಕೂತು ಈ ವಿಷಯ ಎತ್ತಿದರೆ ಯಾರಾದರೂ ಕೇಳೇ ಕೇಳುತ್ತಾರೆ: "ಕಳ್ಳರಿಗೆ, ಕೊಲೆಗಾರರಿಗೆ ಯಾಕ್ರೀ ಇಷ್ಟು ಸೌಕರ್ಯ? ತಪ್ಪು ಮಾಡದವನಿಗೆ ಮುಚ್ಚಿಡೋದೇನಿದೆ?" ಮಗಳನ್ನು ಕಳೆದುಕೊಂಡ ಮನೆಯವರು, ದನ ಕಳೆದುಕೊಂಡ ರೈತರು ಹೀಗೆ ಕೇಳಿದರೆ ನಾವು ಸಿಟ್ಟಾಗುವುದಿಲ್ಲ. ಅವರ ನೋವು ಅವರಿಗೆ.

ಆದರೆ ಹಿಡಿದವರೆಲ್ಲ ತಪ್ಪು ಮಾಡಿದವರಲ್ಲ ಅಂತ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎದುರು ಪಾರ್ಟಿಯವರು ದೂರಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ಸೇರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಯಾರು ಮಾಡಿದವರು, ಯಾರು ಮಾಡದವರು ಅಂತ ತೀರ್ಮಾನ ಆಗಬೇಕಾದ್ದು ಕೋರ್ಟಿನಲ್ಲಿ. ಆ ತೀರ್ಮಾನ ಸರಿಯಾಗಬೇಕಾದರೆ ಎರಡೂ ಕಡೆಯವರು ತಮ್ಮ ಮಾತು ಪೂರ್ತಿ ಹೇಳಿರಬೇಕು.

ಪೊಲೀಸರ ಆತಂಕವನ್ನೂ ಕೇಳಿದ್ದೇವೆ. ವಕೀಲರ ಮೂಲಕ ಹೊರಗಿನ ಸಹಚರರಿಗೆ ಸುದ್ದಿ ಹೋಗುತ್ತದೆ, ಮಾಲು ಸಾಗಿಸುತ್ತಾರೆ, ಸಾಕ್ಷಿ ಕೆಡಿಸುತ್ತಾರೆ ಅನ್ನುತ್ತಾರೆ. ಅಂಥದಕ್ಕೆ ಕಾನೂನು ರಕ್ಷಣೆ ಕೊಟ್ಟಿಲ್ಲ. ಅಕ್ರಮ ಉದ್ದೇಶ ಸಾಧಿಸಲು ಆಡಿದ ಮಾತು, ವಕಾಲತ್ತು ಹಿಡಿದ ಮೇಲೆ ವಕೀಲರ ಗಮನಕ್ಕೆ ಬಂದ ಹೊಸ ಅಪರಾಧ ಅಥವಾ ಮೋಸ, ಇವೆರಡೂ 132ನೇ ಸೆಕ್ಷನ್ನಿನ ಹೊರಗೇ ಇವೆ. ತಪ್ಪು ಮಾಡುವ ವಕೀಲರ ಮೇಲೆ ಕ್ರಮಕ್ಕೆ ಬಾರ್ ಕೌನ್ಸಿಲ್ ಇದೆ, ಕೋರ್ಟಿದೆ. ಒಬ್ಬರು ಹಾಗೆ ಮಾಡಿಯಾರು ಅಂತ ಎಲ್ಲರ ಮಾತಿಗೂ ಕಿವಿ ಕೊಡುವುದು ಸರಿಯಲ್ಲ.

"ಠಾಣೆಯಲ್ಲಿ ಜಾಗ ಇಲ್ಲ, ಸಿಬ್ಬಂದಿ ಇಲ್ಲ" ಅನ್ನುವ ಮಾತೂ ಇದೆ. ಅರ್ಧ ನಿಜ. ಆದರೆ ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಬಹಳ ಠಾಣೆಗಳ ಆವರಣದಲ್ಲಿ ಒಂದು ಬೇವಿನ ಮರವೋ ಹೊಂಗೆ ಮರವೋ ಇರುತ್ತದೆ. ಅದರ ಕೆಳಗೆ ಎರಡು ಕುರ್ಚಿ ಹಾಕಿ, ಹದಿನೈದಿಪ್ಪತ್ತು ಅಡಿ ದೂರದಲ್ಲಿ ಒಬ್ಬ ಪೇದೆಯನ್ನು ನಿಲ್ಲಿಸಿದರೆ ಆಯಿತು.

ನಾವು ಕೇಳುವುದು

ಪ್ರತಿ ಠಾಣೆಯಲ್ಲೂ ವಕೀಲರ ಭೇಟಿಗೆ ಒಂದು ಜಾಗ ಗೊತ್ತುಮಾಡಿ ಅಲ್ಲಿ ಬೋರ್ಡು ಹಾಕಲಿ. ಕಾಣುವಂತಿರಲಿ, ಕೇಳದಂತಿರಲಿ. ಇದಕ್ಕೆ ಜಿಲ್ಲಾ ಎಸ್‌ಪಿಯವರ ಒಂದು ಸುತ್ತೋಲೆ ಸಾಕು. ಭೇಟಿ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಗಂಟೆಗೆ ಮುಗಿಯಿತು ಅಂತ ಠಾಣೆಯ ದಾಖಲೆಯಲ್ಲಿ ಬರೆಯಲಿ.

ಮೊದಲ ಸಲ ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಲಿ: "ವಕೀಲರ ಜೊತೆ ಬೇರೆಯಾಗಿ ಮಾತಾಡಿದೆಯಾ?" ಇಲ್ಲ ಅಂದರೆ, ರಿಮ್ಯಾಂಡ್ ಆದೇಶಕ್ಕೆ ಮುಂಚೆ ಕೋರ್ಟಿನಲ್ಲೇ ಹತ್ತು ನಿಮಿಷ ಕೊಡಿಸಲಿ. ವಕೀಲರಿಲ್ಲದ ಆರೋಪಿಗೆ ಉಚಿತ ವಕೀಲರ ಹಕ್ಕಿದೆ ಅಂತ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತ 1981ರ ಖತ್ರಿ ಪ್ರಕರಣದಲ್ಲಿ, ಮತ್ತೆ 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರನ್ನು ಕೊಟ್ಟ ಮೇಲೆ ಮಾತಾಡಲೂ ಬಿಡಬೇಕು.

ವಿಡಿಯೊ ಹಾಜರಿಯ ಮುಂಚೆ ಕೈದಿಗೂ ವಕೀಲರಿಗೂ ಬೇರೆ ಕೋಣೆಯಿಂದ, ಬೇರೆಯವರು ಕೇಳದ ಲೈನಿನಲ್ಲಿ ಮಾತಾಡಲು ಹೊತ್ತು ಕೊಡಲಿ.

ವಕೀಲರಿಗೂ ಒಂದು ಮಾತು. ಕಾನೂನು ನೆರವಿನ ಕೇಸು ಅಂತ ಕಕ್ಷಿದಾರನನ್ನು ಮೊದಲ ಸಲ ಕೋರ್ಟ್ ಕಾರಿಡಾರಿನಲ್ಲೇ ನೋಡಿ, ಅಲ್ಲೇ ಸಹಿ ಹಾಕಿಸುವುದು ನಿಲ್ಲಬೇಕು. ಪಕ್ಕದಲ್ಲಿ ಪೊಲೀಸರು ನಿಂತಿದ್ದರೆ "ಸ್ವಲ್ಪ ಆಚೆ ಹೋಗ್ರಿ" ಅಂತ ಕೇಳಬೇಕು. ಆಗದಿದ್ದರೆ ಅದನ್ನೇ ಬರೆದು ಮ್ಯಾಜಿಸ್ಟ್ರೇಟರಿಗೆ ಕೊಡಬೇಕು. ತಾಲೂಕು ವಕೀಲರ ಸಂಘಗಳು ಇದನ್ನು ತಮ್ಮ ಬೇಡಿಕೆ ಮಾಡಿಕೊಂಡರೆ ಬೇಗ ಆಗುತ್ತದೆ. ಮೈಕು ಹಿಡಿದು ಹೋಗುವ ನಮ್ಮಂಥ ಸುದ್ದಿಗಾರರೂ ಆ ಹತ್ತು ನಿಮಿಷ ದೂರ ನಿಲ್ಲಬೇಕು.

ನಿಮ್ಮ ಮನೆಯವರನ್ನು ಕರೆದುಕೊಂಡು ಹೋದರೆ

ಯಾರಿಗೂ ಬೇಡ, ಆದರೆ ತಿಳಿದಿರಲಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಇದು ಇದೆ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ದುಡ್ಡು ಕೊಡಬೇಕಾಗಿಲ್ಲ.

ವಕೀಲರು ಠಾಣೆಗೆ ಹೊರಟಾಗ "ಬೇರೆಯಾಗಿ ಮಾತಾಡೋಕೆ ಬಿಡಿ ಅಂತ ಕೇಳಿ ಸಾರ್" ಅಂತ ನೀವೇ ನೆನಪಿಸಿ. ಆ ಹೊತ್ತಿನಲ್ಲಿ ಮಾವ, ಭಾವ, ಊರ ಮುಖಂಡರು ಅಂತ ಸುತ್ತುವರಿದು ನಿಲ್ಲಬೇಡಿ. ನೀವು ಪ್ರೀತಿಯಿಂದಲೇ ನಿಂತಿದ್ದರೂ ಅವನು ಹೇಳಬೇಕಾದ್ದನ್ನು ನುಂಗಿಕೊಳ್ಳುತ್ತಾನೆ. ಕೇಸಿನ ಒಳಗಿನ ವಿಷಯವನ್ನು ಜೈಲಿನ ಫೋನಿನಲ್ಲಿ ಮಾತಾಡಬೇಡಿ, ವಾಟ್ಸಾಪ್ ಗ್ರೂಪಿಗೆ ಧ್ವನಿ ಸಂದೇಶ ಹಾಕಬೇಡಿ. ಹೇಳುವುದಿದ್ದರೆ ವಕೀಲರಿಗೆ, ಎದುರಾಎದುರು ಹೇಳಿ.

ವಕೀಲರನ್ನು ಕಾಣಲು ಬಿಡಲಿಲ್ಲ ಅಥವಾ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು ಅಂದರೆ ದಿನ, ಗಂಟೆ, ಅಲ್ಲಿದ್ದವರು ಯಾರು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ವಕೀಲರ ಕೈಗೆ ಕೊಡಿ. ನ್ಯಾಯಾಧೀಶರ ಮುಂದೆ ಆ ಚೀಟಿ ಉಪಯೋಗಕ್ಕೆ ಬರುತ್ತದೆ.

ಈ ಬರಹವನ್ನು ನಿಮ್ಮ ತಾಲೂಕಿನ ವಕೀಲರಿಗೆ, ಪರಿಚಯದ ಪೊಲೀಸರಿಗೆ ಕಳಿಸಿ. ನಿಮ್ಮ ಠಾಣೆಯಲ್ಲಿ ಅಂಥ ಜಾಗ ಇದೆಯೇ ಅಂತ ಕೇಳಿ. ಇದ್ದರೆ ನಮಗೆ ತಿಳಿಸಿ, ಫೋಟೊ ಸಮೇತ ಹಾಕುತ್ತೇವೆ. ಬೇರೆ ಠಾಣೆಯವರೂ ನೋಡಿ ಎರಡು ಕುರ್ಚಿ ಹಾಕಲಿ.